ಬಿಸ್ಕೆಟ್ ಎಂಬ ನಾಯಿಗೆ ಒಂದು ಎದೆಕವಚ

ನನ್ನ ಸೋದರಮಾವನಷ್ಟು ಅಪಾಯಕಾರಿ ನೆಂಟ ನಿಮ್ಮ ಮನೆತನದಲ್ಲಿ ಯಾರೂ ಇರಲಾರರು ಎಂದು ಧೈರ್ಯವಾಗಿ ಹೇಳಬಲ್ಲೆ. ಇಸ್ಪೀಟಾಡುವವರು ಇರಬಹುದು, ಸಾಲುಸಾಲು ಸುಳ್ಳು ಹೇಳುವವರು ಇರಬಹುದು, ಮದುವೆಮನೆಯಲ್ಲಿ ಮೈಕು ಹಿಡಿದರೆ ಬಿಡದವರೂ ಇರಬಹುದು. ಆದರೆ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಮೂರು ಸಲ ವಿಚಾರಿಸಿ, ಇದೆ ಎಂದು ತಿಳಿದು ತಟ್ಟೆಯನ್ನು ದೂರ ಸರಿಸಿ, ಆಮೇಲೆ ಅದೇ ಮೇಜಿನಲ್ಲಿ ಕೂತು ಕಾಡುಹಂದಿ ನಾಯಿಯ ಎದೆಯನ್ನು ಹೇಗೆ ಸೀಳುತ್ತದೆ ಎಂದು ಚಮಚ ಹಿಡಿದು ತೋರಿಸುವವರು ಇದ್ದಾರೆಯೇ? ನಮ್ಮಲ್ಲಿದ್ದರು!

ಮಾವ ಸರ್ಜನ್. ಮನುಷ್ಯರ ಸರ್ಜನ್. ಎಪ್ಪತ್ತರ ದಶಕದ ಮೊದಲಿಗೆ ಮೈಸೂರಿನಿಂದ ಹೊರಟವರು, ದಕ್ಷಿಣ ಕೆರೊಲೈನಾದಲ್ಲಿ ಭೂತಗನ್ನಡಿ ಹಿಡಿದರೂ ನಕ್ಷೆಯಲ್ಲಿ ಸಿಗದ ಒಂದು ಊರಿನಲ್ಲಿ ನೆಲೆ ನಿಂತಿದ್ದರು. ಮಕ್ಕಳಿರಲಿಲ್ಲ. ತೊಂಬತ್ತರ ದಶಕದ ನಡುವೆ ನಾನು ಅಟ್ಲಾಂಟಾದ ಟೆಲಿಫೋನ್ ಕಂಪನಿಯೊಂದರ ಕಂಪ್ಯೂಟರ್ ವಿಭಾಗಕ್ಕೆ ಬಂದಾಗ ಮಾವ ರಿಟೈರಾಗಿ ಒಂದು ವರ್ಷವಾಗಿತ್ತು. ಅವರ ಮನೆಗೂ ನಮ್ಮ ಮನೆಗೂ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಈ ದೂರ ಸಾಲದು ಎಂದು ನನಗೆ ಆಮೇಲೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಈ ಪ್ರಬಂಧದ ತುಂಬ ನಾಚಿಕೆಯೇ ಇದೆ, ಮೊದಲೇ ಹೇಳಿಬಿಡುತ್ತೇನೆ.

ಎಲ್ಲ ಶುರುವಾದದ್ದು ಒಂದು ಭಾನುವಾರ. ಮಾವನ ಪಕ್ಕದ ಜಮೀನಿನ ಅರ್ಲ್ ಎಂಬ ಮುದುಕ ತನ್ನ ನಾಯಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಓಡಿಬಂದ. ಅಲ್ಲಿನ ಜೌಗಿನಲ್ಲಿ ಕಾಡುಹಂದಿಗಳು ವಿಪರೀತ. ಜೋಳದ ಹೊಲಕ್ಕೆ ನುಗ್ಗಿದರೆ ಉತ್ತಿಟ್ಟ ಹಾಗೆ ಮಾಡಿ ಹೋಗುತ್ತವೆ. ಅವನ್ನು ಹಿಡಿಯಲು ನಾಯಿಗಳನ್ನು ಬಿಡುತ್ತಾರೆ. ಮಿಕ್ಕ ನಾಯಿಗಳು ಸುತ್ತ ನಿಂತು ಬೊಗಳಿದರೆ, ಒಂದು ನಾಯಿ ಮಾತ್ರ ಹೋಗಿ ಹಂದಿಯ ಕಿವಿ ಕಚ್ಚಿ ಹಿಡಿದು, ಯಜಮಾನ ಬರುವತನಕ ಬಿಡದೆ ನಿಲ್ಲಬೇಕು. ಆ ಕೆಲಸ ಬಿಸ್ಕೆಟ್‌ನದು. ಹೆಸರು ಬಿಸ್ಕೆಟ್, ಗಾತ್ರ ಒಲೆಯಷ್ಟು! ಅವತ್ತು ಹಂದಿಯ ಕೋರೆ ಅದರ ಎದೆಯನ್ನು ಒಂದು ಗೇಣು ಸೀಳಿತ್ತು. ಪಶುವೈದ್ಯರು ಊರಲ್ಲಿರಲಿಲ್ಲ. ಮಾವ ಅತ್ತೆಯ ಊಟದ ಮೇಜಿನ ಮೇಲೆ ನಾಯಿಯನ್ನು ಮಲಗಿಸಿ ಹೊಲಿಗೆ ಹಾಕಿದರು.

"ಇನ್ಮೇಲೆ ಈ ಮೇಜಿನ ಮೇಲೆ ನಾನು ಊಟ ಮಾಡಲ್ಲ," ಎಂದರಂತೆ ಅತ್ತೆ.

"ಒಳ್ಳೇದಾಯ್ತು. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಬೇಕು, ಮೇಜು ಖಾಲಿ ಇರ್ಲಿ," ಎಂದರಂತೆ ಮಾವ.

ಬಿಸ್ಕೆಟ್ ಬದುಕಿತು. ಆದರೆ ಮಾವನ ತಲೆಗೆ ಒಂದು ಯೋಚನೆ ಹೊಕ್ಕಿತು. ಸೀಳಿದ ಮೇಲೆ ಹೊಲಿಯುವುದಕ್ಕಿಂತ ಸೀಳದಂತೆ ಮೊದಲೇ ಏನಾದರೂ ಹೊಲಿದು ತೊಡಿಸಬಾರದೇಕೆ? ಮೂವತ್ತು ವರ್ಷ ಮನುಷ್ಯರ ಹೊಟ್ಟೆ ಹೊಲಿದ ಕೈ ನಾಯಿಗೆ ರವಿಕೆ ಹೊಲಿಯಲು ಕೂತಿತು!

ಮೊದಲು ಚರ್ಮ ನೋಡಿದರು. ಗಟ್ಟಿಯೇನೋ ಸರಿ, ಆದರೆ ಜೌಗಿನ ನೀರಲ್ಲಿ ನೆನೆದು ಒಣಗಿದ ಮೇಲೆ ಹಪ್ಪಳದ ಹಾಗೆ ಸೆಟೆದುಕೊಂಡಿತು. ಆಮೇಲೆ ಬೆಂಕಿ ಆರಿಸುವವರ ಹಳೆಯ ನೀರಿನ ಕೊಳವೆ, ಅದೇ ದಪ್ಪ ಕ್ಯಾನ್‌ವಾಸಿನದು, ಸೀಳಿ ಹೊಲಿದರು. ಅದನ್ನು ತೊಡಿಸಿದ ಕೂಡಲೇ ಬಿಸ್ಕೆಟ್ ನೆಲಕ್ಕೆ ಕೂತದ್ದು ಸಂಜೆವರೆಗೂ ಏಳಲಿಲ್ಲ. ಮೂರನೆಯದಾಗಿ ಯಾರೋ ಪೊಲೀಸರ ಹಳೇ ಗುಂಡುನಿರೋಧಕ ಕವಚ ತಂದುಕೊಟ್ಟರು. ಎಲ್ಲರೂ ಇದೇ ಸರಿ ಎಂದರು. ಮಾವ ಅತ್ತೆಯ ದಬ್ಬಣ ತೆಗೆದುಕೊಂಡು ಚುಚ್ಚಿದರು. ಸಲೀಸಾಗಿ ಈ ಕಡೆಯಿಂದ ಆ ಕಡೆಗೆ ಬಂತು! "ಪಿಸ್ತೂಲ್ ಹಿಡಿದ ಹಂದಿ ಬಂದ್ರೆ ನೋಡೋಣ," ಎಂದು ಅದನ್ನು ಮೂಲೆಗೆಸೆದರು.

ಇದನ್ನೆಲ್ಲ ಅವರು ನಮಗೆ ಫೋನಿನಲ್ಲಿ ವಾರವಾರ ವರದಿ ಮಾಡುತ್ತಿದ್ದರು. ಒಮ್ಮೆ ಬೇಸತ್ತು, "ಮಾವ, ಅಷ್ಟು ಯಾಕೆ, ಸೂಟ್‌ಕೇಸ್ ಬಟ್ಟೆ ಹಾಕಿ! ಏರ್‌ಪೋರ್ಟಲ್ಲಿ ಎಷ್ಟು ಎತ್ತಿ ಎಸೆದ್ರೂ ಹರಿಯಲ್ಲ," ಎಂದುಬಿಟ್ಟೆ. ಗೇಲಿಗೆ ಹೇಳಿದ ಮಾತು. "ನೀನು ಜೀನಿಯಸ್ ಕಣೋ," ಎಂದರು ಮಾವ. ಮುಂದಿನ ಶನಿವಾರ ನಮ್ಮ ಮನೆ ಬಾಗಿಲಲ್ಲಿದ್ದರು. ಆ ಸಂಜೆ ನನ್ನ ಹೆಂಡತಿ ಶೈಲಜಾ ಊರಿಗೆ ಹೋಗಲೆಂದು ತಂದಿಟ್ಟಿದ್ದ ಎರಡು ಹೊಸ ಸೂಟ್‌ಕೇಸುಗಳು ಅಸ್ಥಿಪಂಜರವಾಗಿ ಗರಾಜಿನಲ್ಲಿ ನಿಂತಿದ್ದವು.

ಗರಾಜಿನಲ್ಲಿ ಪರೀಕ್ಷೆಯೂ ನಡೆಯಿತು. ಸುತ್ತಿಗೆಯ ತುದಿಗೆ ಹಂದಿಯ ಕೋರೆಯೊಂದನ್ನು ತಂತಿಯಿಂದ ಬಿಗಿದು, ಕಲ್ಲಂಗಡಿ ಹಣ್ಣಿಗೆ ಆ ಬಟ್ಟೆಯನ್ನು ಒಂದು ಪದರ ಸುತ್ತಿ, ಮಾವ ಬೀಸಿ ಹೊಡೆದರು. ಹಣ್ಣು ಒಡೆದು ಗೋಡೆಯೆಲ್ಲ ಕೆಂಪು. ಎರಡು ಪದರ, ಮತ್ತೆ ಕೆಂಪು. ಮೂರು ಪದರಕ್ಕೆ ಹಣ್ಣು ಉಳಿಯಿತು! ಬಿಳಿಯ ಬನಿಯನ್ ಕೆಂಪಾಗಿ, ಕೈಯಲ್ಲಿ ಸುತ್ತಿಗೆ ಹಿಡಿದು, "ಬದುಕಿತು! ಬದುಕಿತು!" ಎಂದು ಕುಣಿಯುತ್ತಿದ್ದ ಮಾವನನ್ನು ಎದುರುಮನೆಯಾಕೆ ನೋಡಿದಳು. ಅವಳು ಆಮೇಲೆ ನನಗೆ ಹಲೋ ಹೇಳಿದ್ದು ಕ್ರಿಸ್‌ಮಸ್‌ಗೆ.

ಇಷ್ಟಾದರೂ ನಗುತ್ತಲೇ ಇದ್ದೆ. ನಗು ನಿಂತದ್ದು ನಮ್ಮ ಗೃಹಪ್ರವೇಶದ ದಿನ.

ಜಾನ್ಸ್ ಕ್ರೀಕ್ ಕಡೆ ಹೊಸ ಮನೆ ಕೊಂಡು ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ಕನ್ನಡ ಸಂಘದ ಸೆಕ್ರೆಟರಿ, ನನ್ನ ಅಮೆರಿಕನ್ ಮ್ಯಾನೇಜರ್, ಮೇರಿಲ್ಯಾಂಡಿನ ರಾಕ್‌ವಿಲ್‌ನಿಂದ ಶೈಲಜಾಳ ದೂರದ ಸಂಬಂಧಿ ಡಾಕ್ಟರ್ ಆಂಟಿ, ಎಲ್ಲ ಬಂದಿದ್ದರು. ಅತ್ತೆಗೆ ಬರಲಾಗಿರಲಿಲ್ಲ, ಮಾವ ಒಬ್ಬರೇ ಬಂದಿದ್ದರು. ಪೂಜೆ ಚೆನ್ನಾಗಿ ಆಯಿತು. ಊಟಕ್ಕೆ ಮುಂಚೆ ಯಾರೋ ಪಾಪ ಮಾವನನ್ನು, "ರಿಟೈರ್ ಆದ್ಮೇಲೆ ಟೈಮ್‌ಪಾಸ್‌ಗೆ ಏನ್ ಮಾಡ್ತೀರಾ ಅಂಕಲ್?" ಎಂದು ಕೇಳಿದರು.

ಮಾವ ಚೀಲದಿಂದ ಕವಚ ತೆಗೆದರು. ವಿವರಿಸಿದರು. ವಿವರಿಸಿದ್ದು ಸಾಲಲಿಲ್ಲವೆಂದು ರೇಷ್ಮೆ ಪಂಚೆ ಎತ್ತಿ ಕಟ್ಟಿ, ಕವಚವನ್ನು ತಾವೇ ಕೊರಳಿಗೆ ಹಾಕಿಕೊಂಡು, ನಮ್ಮ ಹೊಸ ಕಾರ್ಪೆಟ್ಟಿನ ಮೇಲೆ ನಾಲ್ಕು ಕಾಲಲ್ಲಿ ನಿಂತರು!

"ನೋಡಿ, ಮುಂಗಾಲು ಹೀಗೆ ಮುಂದಕ್ಕೆ ಹೋದಾಗ ಬಗಲು ಉಜ್ಜಬಾರದು. ಉಜ್ಜಿದ್ರೆ ಹುಣ್ಣಾಗುತ್ತೆ. ಬೆನ್ನು ಮುಚ್ಚಲೇಬಾರದು, ಈ ಸೆಖೆಗೆ ನಾಯಿ ಹಂದಿಯಿಂದ ಸಾಯೋಕ್ಕೆ ಮುಂಚೆ ಕಾವಿಗೆ ಸತ್ತು ಹೋಗುತ್ತೆ. ಎದೆ, ಪಕ್ಕೆ, ಗಂಟಲು, ಇಷ್ಟೇ ಮುಚ್ಚಬೇಕು," ಎನ್ನುತ್ತ ಸೋಫಾ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

ಪುರೋಹಿತರು ಮಂತ್ರಾಕ್ಷತೆಯ ಬಟ್ಟಲು ಹಿಡಿದು ನಿಂತುಬಿಟ್ಟಿದ್ದರು. "ಡಾಕ್ಟ್ರೇ, ವರಾಹ ಅಂದ್ರೆ ಸಾಕ್ಷಾತ್ ವಿಷ್ಣು. ನೀವು ಹೀಗೆ ಹಂದಿಗೆ ವಿರುದ್ಧವಾಗಿ…"

"ಸ್ವಾಮಿ, ನಾನು ಹಂದಿಗೆ ವಿರುದ್ಧ ಅಲ್ಲ. ನಾಯಿಯ ಪರ," ಎಂದರು ಮಾವ, ಕೆಳಗಿನಿಂದಲೇ.

ಮ್ಯಾನೇಜರ್ ನನ್ನ ಕಿವಿಯಲ್ಲಿ, ಇದೂ ಪೂಜೆಯ ಭಾಗವೇ ಎಂದು ವಿನಯದಿಂದ ಕೇಳಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿ ಬಿಟ್ಟದ್ದು ನಾನು. ಅಡುಗೆಮನೆಗೆ ಹೋದೆ. ಅಲ್ಲಿ ಸೇರಿ ಪಿಸುಗುಡುತ್ತಿದ್ದವರಿಗೆ ತಗ್ಗಿದ ದನಿಯಲ್ಲಿ, "ತಪ್ಪು ತಿಳ್ಕೋಬೇಡಿ. ರಿಟೈರ್ ಆದ್ಮೇಲೆ ಮಾವನಿಗೆ ಸ್ವಲ್ಪ… ಮರೆವು ಶುರುವಾಗಿದೆ. ತಲೆ ಒಂದೊಂದ್ಸಲ ನಿಲ್ಲಲ್ಲ," ಎಂದೆ.

ಅಪ್ಪಟ ಸುಳ್ಳು. ಮಾವನಿಗೆ ನಮ್ಮ ಮನೆಯ ಹಸು ಕರು ಹಾಕಿದ ನಕ್ಷತ್ರವೂ ನೆನಪಿತ್ತು! ಹೇಳಿ ತಿರುಗಿದರೆ ಕೈ ತೊಳೆಯಲು ಬಂದ ಮಾವ ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸುದ್ದಿ ಪಾಯಸಕ್ಕಿಂತ ಬೇಗ ಎಲ್ಲ ಎಲೆಗೂ ತಲುಪಿತು. ಜನ ಮಾವನ ಹತ್ತಿರ ಬಂದು ಕಿವುಡರಿಗೆ ಹೇಳುವ ಹಾಗೆ, "ಅಂಕಲ್! ಊಟಾ! ಆಯ್ತಾ!" ಎಂದು ಕೂಗತೊಡಗಿದರು. ಮಾವ ಕವಚವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಡಾಕ್ಟರ್ ಆಂಟಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಮೆತ್ತಗೆ ಅವರ ಕೈ ಹಿಡಿದು, "ಇವತ್ತು ಯಾವ ವಾರ, ಹೇಳ್ತೀರಾ?" ಎಂದು ಕೇಳಿದರು.

ಅವತ್ತು ಶನಿವಾರ. ಶನಿವಾರವೆಂದೇ ಮಾವನಿಗೆ ಒಪ್ಪೊತ್ತು, ರಾತ್ರಿ ಊಟವಿಲ್ಲ. ಅವರು ತಲೆ ಎತ್ತಿ ಗುಂಪಿನಲ್ಲಿ ನನ್ನನ್ನು ಹುಡುಕಿದರು. ಒಂದು ಗಳಿಗೆ ನೋಡಿದರು. ಆಮೇಲೆ, "ಗುರುವಾರ ಅಲ್ವೇನಮ್ಮ?" ಎಂದರು.

ಆಂಟಿ ನನ್ನ ಕಡೆ ತಿರುಗಿ ಮರುಕದಿಂದ ತಲೆಯಾಡಿಸಿದರು. ನನ್ನ ಸುಳ್ಳನ್ನು ಮಾವ ನಿಜ ಮಾಡಿಕೊಟ್ಟಿದ್ದರು. ಸಾಯಂಕಾಲ ಹೊರಡುವಾಗ, "ಮನೆ ಚೆನ್ನಾಗಿದೆ ಕಣೋ, ಗಾಳಿ ಬೆಳಕು ಬರುತ್ತೆ," ಎಂದಷ್ಟೇ ಹೇಳಿ ಕಾರು ಹತ್ತಿದರು. ನಾಲ್ಕು ಗಂಟೆಯ ದಾರಿ, ತಾವೇ ಡ್ರೈವ್ ಮಾಡಿಕೊಂಡು!

ನಾನು ಎರಡು ವಾರ ಫೋನ್ ಮಾಡಲಿಲ್ಲ. ಮೂರನೆಯ ವಾರ ಅತ್ತೆಯೇ ಮಾಡಿದರು. "ಏನಪ್ಪ, ರಾಕ್‌ವಿಲ್‌ನಿಂದ, ಇಲ್ಲೇ ನಮ್ಮ ಕೊಲಂಬಿಯಾದಿಂದ, ಎಲ್ಲೆಲ್ಲಿಂದಲೋ ಫೋನ್ ಬರ್ತಿದೆ. ಧೈರ್ಯವಾಗಿರಿ ಅಂತಾರೆ. ಗ್ಯಾಸ್ ಒಲೆ ಹತ್ರ ಬಿಡಬೇಡಿ ಅಂತಾರೆ. ಯಾರಿಗೆ ಏನಾಗಿದೆ?"

ಉತ್ತರ ಹೇಳಲು ಫೋನು ಸಾಲದು ಅನ್ನಿಸಿ ಆ ಭಾನುವಾರ ನಸುಕಿಗೇ ಹೊರಟೆ. ಅತ್ತೆಗೆ ಆ ಹೊತ್ತಿಗೆ ಫೋನ್ ಮಾಡಿದವರಿಂದಲೇ ಎಲ್ಲ ಗೊತ್ತಾಗಿತ್ತು. ಬಾಗಿಲು ತೆಗೆದವರು, "ಬಾ. ಇವತ್ತು ಯಾವ ವಾರ?" ಎಂದರು. "ಭಾನುವಾರ ಅತ್ತೆ," ಎಂದೆ, ಒಂದನೇ ಕ್ಲಾಸಿನ ಹುಡುಗನ ಹಾಗೆ. "ಪರವಾಗಿಲ್ಲ, ನಿನಗೆ ಜ್ಞಾಪಕ ಇದೆ. ನಿಮ್ಮ ಮಾವ ಹಿತ್ತಲಲ್ಲಿದ್ದಾರೆ."

ಮಾವ ನನ್ನನ್ನು ಕಂಡು ಖುಷಿಯಾಗಿ, "ಸರಿಯಾದ ದಿನವೇ ಬಂದೆ! ಇವತ್ತು ಬಿಸ್ಕೆಟ್ ಹೊಸ ಕವಚ ಹಾಕ್ಕೊಂಡು ಹೋಗ್ತಾನೆ," ಎಂದರು. ನನ್ನ ಕಾಲಿಗೆ ತಮ್ಮ ರಬ್ಬರ್ ಬೂಟು ಕೊಟ್ಟು ಅರ್ಲ್‌ನ ಟ್ರಕ್ಕಿನಲ್ಲಿ ಕೂರಿಸಿಕೊಂಡರು. ಅರ್ಲ್‌ಗೆ ನನ್ನನ್ನು ತೋರಿಸಿ, "ದಿಸ್ ಈಸ್ ದ ಬಾಯ್. ದ ಸೂಟ್‌ಕೇಸ್ ವಾಸ್ ಹಿಸ್ ಐಡಿಯಾ," ಎಂದರು. ಮುದುಕ ಟೋಪಿ ತೆಗೆದು ನನ್ನ ಕೈ ಕುಲುಕಿದ. ಅಷ್ಟು ಗೌರವ ನನಗೆ ಆಫೀಸಿನಲ್ಲೂ ಸಿಕ್ಕಿರಲಿಲ್ಲ, ಅಷ್ಟು ಅವಮಾನವೂ ಸಿಕ್ಕಿರಲಿಲ್ಲ.

ಜೌಗಿನ ಅಂಚಿನಲ್ಲಿ ನಾಯಿ ಬಿಟ್ಟು, ಅರ್ಲ್ ಹಿಂದೆಯೇ ಹೋದ. ಮಾವ ಮಾತ್ರ ಒಳಗೆ ಹೋಗಲಿಲ್ಲ. ಹಂದಿ ಸಾಯುವುದನ್ನು ಅವರು ಯಾವತ್ತೂ ನೋಡಿದವರಲ್ಲವಂತೆ. ಟ್ರಕ್ಕಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತಿದ್ದರು. ತುಟಿ ಅಲುಗುತ್ತಿತ್ತು. ದೂರದಲ್ಲಿ ಬೊಗಳು, ಮರಗಳ ನಡುವೆ ಧಡಧಡ ಸದ್ದು, ಆಮೇಲೆ ಏನೂ ಇಲ್ಲ. ಹೇಳಿಬಿಡೋಣವೆಂದು, "ಮಾವ, ಅವತ್ತು ನಾನು…" ಎಂದೆ. "ಶ್! ಬರ್ತಿದ್ದಾನೆ," ಎಂದರು.

ಬಿಸ್ಕೆಟ್ ಕೆಸರಿನ ಮುದ್ದೆಯಾಗಿ ಬಂದು ನಿಂತಿತು. ಕವಚದ ಎಡಗಡೆ ಅಡ್ಡಡ್ಡ ಒಂದು ಗೇಣು ಸೀಳಿಹೋಗಿತ್ತು. ಮಾವ ಕೆಸರಿನಲ್ಲೇ ಮಂಡಿಯೂರಿ ಕವಚದೊಳಗೆ ಕೈ ತೂರಿಸಿ, ಪಕ್ಕೆ, ಎದೆ, ಬಗಲು ಎಲ್ಲ ಸವರಿ ಕೈ ಹೊರಗೆ ತೆಗೆದರು. ಕೈಯಲ್ಲಿ ಬರೀ ಕೆಸರು. ಎರಡು ಪದರ ಹರಿದಿತ್ತು, ಮೂರನೆಯದು ನಿಂತಿತ್ತು! ಮಾವ ಆ ನಾಯಿಯ ಕತ್ತು ತಬ್ಬಿಕೊಂಡು ಕನ್ನಡದಲ್ಲಿ, "ಏನೂ ಆಗಿಲ್ಲ ಕಂದ, ಏನೂ ಆಗಿಲ್ಲ," ಎನ್ನುತ್ತಿದ್ದರು. ಇವರಿಗೆ ತಲೆ ನಿಲ್ಲುವುದಿಲ್ಲ ಎಂದು ಊರೆಲ್ಲ ಸಾರಿದ್ದೆನಲ್ಲ! ನನ್ನ ಬೂಟು ನೋಡುತ್ತ ನಿಂತೆ. ಅದೂ ಅವರದೇ.

ಮನೆಗೆ ಬಂದವನೇ ಯಾರನ್ನೂ ಕೇಳದೆ ಅಡುಗೆಮನೆಯ ಗೋಡೆಯ ಫೋನ್ ಎತ್ತಿಕೊಂಡೆ. ಮೊದಲು ಡಾಕ್ಟರ್ ಆಂಟಿಗೆ. "ಆಂಟಿ, ನಾನು ಸುಳ್ಳು ಹೇಳಿದ್ದೆ. ಮಾವನಿಗೆ ಏನೂ ಆಗಿಲ್ಲ. ನನಗೆ ಮರ್ಯಾದೆ ಹೋಗುತ್ತೆ ಅಂತ ಹಾಗಂದೆ," ಎಂದೆ.

"ಐ ಅಂಡರ್‌ಸ್ಟ್ಯಾಂಡ್ ಕಣಪ್ಪ," ಎಂದರು ಆಂಟಿ ಇನ್ನಷ್ಟು ಮೆತ್ತಗೆ. "ಮನೆಯವರು ಮೊದಮೊದಲು ಒಪ್ಕೊಳ್ಳೋದೇ ಇಲ್ಲ. ಇದೂ ಒಂದು ಸ್ಟೇಜ್."

ಸಂಘದ ಸೆಕ್ರೆಟರಿಗೆ ಮಾಡಿದೆ. "ನೀವು ಎಷ್ಟು ಒಳ್ಳೆಯವರು ಸಾರ್, ಮಾವನ್ನ ಹೀಗೆ ಮುಚ್ಚಿಟ್ಕೊಂಡು ಕಾಪಾಡ್ತಿದ್ದೀರಲ್ಲ!" ಎಂದ ಆತ. ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ನಿಜವನ್ನು ಪ್ರಮಾಣ ಮಾಡಿದರೂ ನಂಬರು! ನನ್ನ ದನಿ ಏರಿತು. ಮೂರನೆಯವರ ನಂಬರು ಒತ್ತುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ಫೋನಿನ ಕೊಂಡಿಯನ್ನು ಅದುಮಿತು. ಉಗುರಿನ ಸಂದಿಯಲ್ಲಿ ಇನ್ನೂ ಕೆಸರಿತ್ತು.

"ಸಾಕು ಬಿಡೋ," ಎಂದರು ಮಾವ. "ಎಷ್ಟು ಜನಕ್ಕೆ ಅಂತ ತಲೆ ತಗ್ಗಿಸ್ತೀಯ? ನೀನು ಅವರ ಮಧ್ಯೆ ಬಾಳಬೇಕಾದೋನು. ನಾನು ಇಲ್ಲಿರ್ತೀನಿ, ನನಗೇನು? ಅವರ ಲೆಕ್ಕಕ್ಕೆ ನಾನು ಮರೆಗುಳಿಯಾಗೇ ಇರ್ತೀನಿ."

ಮಾವ ನನ್ನ ಕೈಯಿಂದ ರಿಸೀವರ್ ಬಿಡಿಸಿ ಗೋಡೆಗೆ ತೂಗುಹಾಕಿದರು. ಕೈಯನ್ನು ಮಾತ್ರ ಬಿಡಲಿಲ್ಲ.