ಪೆಟ್ಟಿಗೆ ಮೇಷ್ಟ್ರೂ ನಮ್ಮ ಟೀಚರಮ್ಮನೂ

ಬನ್ನಿ, ಕಾಲು ನೀಡ್ಕೊಂಡು ಕೂತ್ಕೊಳ್ಳಿ, ಹೇಳ್ತೀನಿ. ಪಾಠ ಹೇಳೋಕೆ ಯಂತ್ರ ಬಂದ ಕಡೆ ಇಂಥ ಪಜೀತಿ ಆಗ್ತಾನೇ ಇರ್ತವೆ.

ಎಮ್ಮೆ ಸಮಾಚಾರ

ಬಂಗಾರಪೇಟೆ ಪಕ್ಕದ ನಮ್ಮೂರಲ್ಲಿ ಹೆಂಗಸರಿಗೆ ಅಕ್ಷರ ಕಲಿಸೋಕೆ ಟೀಚರಮ್ಮ ಇದ್ರು. ಅವರ ಜೊತೆಗೆ ಸರ್ಕಾರದೋರು ಒಂದು ರೇಡಿಯೋ ಪೆಟ್ಟಿಗೆ ಕೊಟ್ರು. ಮೊದಲನೇ ದಿನ ಅದು, "ಅಕ್ಕಂದಿರೇ, ಚೆನ್ನಾಗಿದ್ದೀರಾ?" ಅಂತು. ನಮ್ಮ ವಾರಗಿತ್ತಿ ಎಮ್ಮೆ ಹಾಲು ಕೊಡ್ತಿಲ್ಲ ಅಂತ ಹೇಳೋಕೆ ಶುರು ಮಾಡೋಷ್ಟರಲ್ಲಿ ಪೆಟ್ಟಿಗೆ ಅಆಇಈಗೆ ಹೋಗ್ಬಿಟ್ಟಿತ್ತು.

"ಕೇಳ್ದೋರು ನಿಂತು ಕೇಳಿಸ್ಕೋಬಾರ್ದಾ?" ಅಂತ ಅವಳು ಅದಕ್ಕೆ ಬೆನ್ನು ತಿರುಗಿಸಿ ಕೂತಳು. ಟೀಚರಮ್ಮ ಪಕ್ಕದಲ್ಲಿ ಕೂತು ಎಮ್ಮೆ ಕಥೆ ಪೂರ್ತಿ ಕೇಳಿ, ಆಮೇಲೆ ಕೈಗೆ ಬಳಪ ಕೊಟ್ರು. ವಾರಗಿತ್ತಿ ಮೊದಲು ಬರೆದಿದ್ದು ಎಮ್ಮೆ ಅಂತ. ತನ್ನ ಹೆಸರು ಬರೆದಿದ್ದು ಅದಾಗಿ ಎಷ್ಟೋ ದಿನಕ್ಕೆ.

ಯಜಮಾನರ ಹೆಸರು

ಇನ್ನೊಂದಿನ ಪೆಟ್ಟಿಗೆ, ನಿಮ್ಮ ಗಂಡನ ಹೆಸರು ಗಟ್ಟಿಯಾಗಿ ಹೇಳಿ ಅಂತು. ಗಂಡನ ಹೆಸರು ನಾವು ಬಾಯಲ್ಲಿ ತರ್ತೀವಾ? ಎಲ್ಲರೂ ಸೆರಗು ಬಾಯಿಗಿಟ್ಕೊಂಡು ಸುಮ್ಮನಾದ್ವಿ. "ಭೇಷ್, ಚೆನ್ನಾಗಿ ಹೇಳಿದಿರಿ" ಅಂತು ಪೆಟ್ಟಿಗೆ.

ಟೀಚರಮ್ಮ ನಕ್ಕು, ಒಬ್ಬೊಬ್ಬರೂ ಪಕ್ಕದೋಳ ಗಂಡನ ಹೆಸರು ಹೇಳಿ ಅಂದ್ರು. ಎದುರುಮನೆಯೋಳು ನಮ್ಮ ಯಜಮಾನರ ಹೆಸರು ಎಷ್ಟು ಚೆಂದವಾಗಿ ಹೇಳಿದ್ಲು ಅಂದ್ರೆ, ಆ ವಾರವೆಲ್ಲ ಒಲೆಗೆ ಕೆಂಡ ಕೇಳೋಕೆ ಬಂದ್ರೂ ನಾನು ಕೊಡಲಿಲ್ಲ.

ಸಾಹೇಬರ ಪಾಠ

ರಾಬರ್ಟ್‌ಸನ್‌ಪೇಟೆಯಿಂದ ಒಬ್ಬ ಸಾಹೇಬರು ಬಂದ್ರು. ಪೆಟ್ಟಿಗೆ ಇದೆಯಲ್ಲ, ಇನ್ನು ಟೀಚರಮ್ಮ ಯಾಕೆ, ಬೇರೆ ಊರಿಗೆ ಹಾಕ್ತೀನಿ ಅಂದ್ರು. ಆಯಮ್ಮ ಹೋದ್ರೆ ನಮ್ಮ ಓದು ಅಲ್ಲಿಗೇ ನಿಂತಂಗೆ. ನಾನು ಎದ್ದು ನಿಂತೆ.

"ಇವತ್ತು ಟೀಚರಮ್ಮ ಹೊರಗೆ ಕೂತ್ಕೊಳ್ಳಲಿ. ನೀವು ನಮ್ಮ ಜೊತೆ ಚಾಪೆ ಮೇಲೆ ಕೂತು ನೋಡಿ, ಸ್ವಾಮಿ."

ಕೂತ್ರು. ಪೆಟ್ಟಿಗೆ ಒತ್ತಕ್ಷರ ಹೇಳ್ತಾ ಓಡ್ತು. ಒಬ್ಬಳು ಅದೆಲ್ಲಿ ಬರೀಬೇಕು ಅಂದ್ಲು, ಇನ್ನೊಬ್ಬಳು ತಲೆಕೆಳಗೆ ಬರೆದ್ಲು. ಸಾಹೇಬರಿಗೆ ತಡೀಲಿಲ್ಲ, ಹಂಗಲ್ಲಮ್ಮ ಅಂತ ಬಾಯಿ ತೆಗೆದ್ರು.

"ನೀವು ಮಾತಾಡಂಗಿಲ್ಲ. ಪೆಟ್ಟಿಗೆ ಸಾಕು ಅಂದೋರು ನೀವೇ" ಅಂದೆ.

ಸಾಹೇಬರು ಎದ್ದು ಕೋಟು ತೆಗೆದು ಗೋಡೆಗೆ ಹಾಕಿ, ತೋಳು ಮಡಚಿ, ನಮ್ಮ ಬಳಪ ಕಿತ್ಕೊಂಡು ಬೋರ್ಡಿನ ಮೇಲೆ ತಾವೇ ಪಾಠ ಶುರು ಮಾಡಿದ್ರು. ರೇಡಿಯೋಲಿ ಪಾಠ ಮುಗಿದು ಹಾಡು ಬಂದ್ರೂ ಅವರು ಬೋರ್ಡು ಬಿಡಲಿಲ್ಲ.

"ಸರಿ ಸ್ವಾಮಿ, ಆಯಮ್ಮನ್ನ ಕಳಿಸಿ. ನಾಳೆಯಿಂದ ದಿನಾ ನೀವೇ ಬನ್ನಿ, ಬೇಗ ಬನ್ನಿ" ಅಂದೆ.

ಸಾಹೇಬರು ಕೋಟು ಮರೆತು ಸೈಕಲ್ ಹತ್ತಿದ್ರು. "ಆಯಮ್ಮ ಇಲ್ಲೇ ಇರ್ಲಿ" ಅಂದಿದ್ದು ಬೀದಿ ತಿರುವಿನಿಂದ ಕೇಳಿಸ್ತು.

ಟೀಚರಮ್ಮ ನಮ್ಮೂರಲ್ಲೇ ರಿಟೈರಾದ್ರು. ವಾರಗಿತ್ತಿ ಹಾಲಿನ ಡೈರಿಲಿ ರುಜು ಹಾಕೋಳಾದ್ಲು. ಎದುರುಮನೆಯೋಳು ನಮಗೇ ಬೀಗಿತ್ತಿಯಾದ್ಲು. ಸಾಹೇಬರು ದೊಡ್ಡ ಸಾಹೇಬರಾದ್ರಂತೆ, ನಮ್ಮೂರ ಕಡೆ ಮಾತ್ರ ಬರಲಿಲ್ಲ. ಪೆಟ್ಟಿಗೆ ಕೆಟ್ಟು ಮೂಲೆ ಸೇರ್ತು. ಅದರ ಮೇಲೆ ಟೀಚರಮ್ಮ ಊಟದ ಡಬ್ಬಿ ಇಡೋರು. ನಾನಂತೂ, "ಹೆಬ್ಬೆಟ್ಟು ಒತ್ತು ಅಜ್ಜಿ" ಅಂದೋರ ಹತ್ರ ಇವತ್ತಿಗೂ ಪೆನ್ನು ಕೇಳ್ತೀನಿ. ತರೋವರೆಗೂ ಅವರ ಕುರ್ಚೀಲೇ ಕೂತಿರ್ತೀನಿ.