ಸಾಕಮ್ಮನ ಸ್ಕ್ಯಾನು, ಅಶ್ವತ್ಥನ ಕೊರಳ ತಾಳಿ

ಪರದೇಶದ ಕೆಂಟ್‌ನಲ್ಲಿದ್ದ ಸಾಕಮ್ಮ ನಕ್ಕರೆ ಬಟ್ಟೆ ಒದ್ದೆಯಾಗುತ್ತಿತ್ತು. ಎರಡನೆಯ ಹೆರಿಗೆಯಿಂದ ಶುರುವಾದ ಪಾಡು, ಈಗೀಗ ಹೆಚ್ಚಾಗಿತ್ತು. ಹಾಗಾಗಿ ಆಕೆ ನಗುವುದನ್ನೇ ಬಿಟ್ಟಳು. ಕನ್ನಡ ಕೂಟದ ಹಾಸ್ಯಸಂಜೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗ ಈಕೆ ಮಾತ್ರ ತಿಥಿಮನೆಗೆ ಬಂದವಳಂತೆ ಕೂತಿರುತ್ತಿದ್ದಳು. "ಆಯಮ್ಮಂಗೆ ಕೊಬ್ಬು" ಎಂದು ಜನ ಆಡಿಕೊಂಡರು. ಹಿಂದೆ ಅವಳು ನಕ್ಕರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಆ ನಗು ಮತ್ತೆ ಬೇಕೆಂದು ಅವಳಿಗೆ ಆಸೆ.

ಕೊನೆಗೆ ಡಾಕ್ಟರ ಹತ್ತಿರ ಬಾಯಿಬಿಟ್ಟಳು. ಕೆಳಹೊಟ್ಟೆಯನ್ನು ಎತ್ತಿ ಹಿಡಿಯುವ ಸ್ನಾಯುಗಳು ಜೋತುಬಿದ್ದಿರಬೇಕು, ಯಾವುದು ಎಷ್ಟು ಇಳಿದಿದೆಯೆಂದು ಎಂಆರ್‌ಐ ಮಾಡಿ ನೋಡೋಣ ಎಂದರು ಅವರು. ಮೈಮೇಲೆ ಲೋಹ ಇರಬಾರದು ಎಂದೂ ಹೇಳಿದರು. ಗ್ರಹಚಾರ ಕೆಟ್ಟದ್ದು ಅಲ್ಲೇ.

ಸ್ಕ್ಯಾನಿನ ದಿನ ಬೆಳಿಗ್ಗೆ ಕಾಲುಂಗುರ ಜಪ್ಪಯ್ಯ ಅಂದರೂ ಬರಲಿಲ್ಲ. ಬಾಗಿಲ ಮೆಟ್ಟಿಲಲ್ಲಿ ಕೂತು ಕೊಬ್ಬರಿ ಎಣ್ಣೆ ಸವರಿ ಎಳೆಯುತ್ತಿದ್ದಾಗ ಪಕ್ಕದ ಮನೆಯ ಲಕ್ಷ್ಮಮ್ಮ ಬಂದಳು. ಬೇಸಿಗೆಯಲ್ಲೂ ಸೊಂಟಕ್ಕೆ ಸ್ವೆಟರ್ ಸುತ್ತಿಕೊಂಡು ಓಡಾಡುವ, ಪರರ ಸುದ್ದಿಯಿಲ್ಲದೆ ಕಾಫಿ ಇಳಿಯದ ಹೆಂಗಸು.

"ಕಾಲುಂಗುರ ಯಾಕೆ ತೆಗೀತಿದ್ದೀರಾ ಸಾಕಕ್ಕ?"

"ಬಿಗಿಯಾಗಿದೆ ಕಣಮ್ಮ."

ಅಂತೂ ಎಣ್ಣೆಗೆ ಕಾಲುಂಗುರ ಜಾರಿತು. ಕಾರೊಳಗೆ ಕೂತ ಮೇಲೆ ಸಾಕಮ್ಮ ತಾಳಿಯನ್ನೂ ತೆಗೆದಳು. "ರೀ, ಜೇಬಲ್ಲಿ ಹಾಕ್ಬೇಡಿ, ಒಳ್ಳೇದಲ್ಲ. ಕತ್ತಿಗೆ ಹಾಕ್ಕೊಳ್ಳಿ. ಸ್ಕ್ಯಾನ್ ವಿಷಯ ಯಾರಿಗೂ ಹೇಳ್ಬೇಡಿ," ಎಂದು ಗಂಡ ಅಶ್ವತ್ಥನ ಕೊರಳಿಗೆ ಹಾಕಿದಳು. ಗಾಜಿನಾಚೆಯಿಂದ ಇದನ್ನೆಲ್ಲ ಕಂಡ ಲಕ್ಷ್ಮಮ್ಮ, ಡೈವೋರ್ಸೇ ಸರಿ ಎಂದುಕೊಂಡು ತನ್ನ ಕಾರು ತೆಗೆದು ಹಿಂದೆಯೇ ಹೊರಟಳು.

ಆಸ್ಪತ್ರೆಯಲ್ಲಿ ಒಳಗಿನದು ಚಿತ್ರದಲ್ಲಿ ಕಾಣಲೆಂದು ಹಿಂಬದಿಯಿಂದ ಜೆಲ್ ತುಂಬಿಸಿ, ದಪ್ಪ ಹಾಸಿನ ಮೇಲೆ ಮಲಗಿಸಿ ಯಂತ್ರದೊಳಗೆ ತಳ್ಳಿದರು. ಬಿಗಿ ಹಿಡಿಯಿರಿ ಎಂದಳು ಟೆಕ್ನಿಷಿಯನ್. ಹಿಡಿದಳು, ಅದು ಅವಳಿಗೆ ವರ್ಷಗಳ ಅಭ್ಯಾಸ. ಈಗ ತಿಣುಕಿ ಎಲ್ಲ ಹೊರಗೆ ಬಿಡಿ ಎಂದಳು. ಅದೊಂದು ಸಾಕಮ್ಮನಿಂದ ಆಗಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡ ಮಾನವನ್ನು ಯಾರೋ ಹೇಳಿದರೆಂದು ಬಿಟ್ಟುಬಿಡುವುದು ಹೇಗೆ? ಟೆಕ್ನಿಷಿಯನ್ ಬೇಡಿಕೊಂಡಳು, ಕೆಮ್ಮಿಸಿದಳು. ಒಂದು ಹನಿಯೂ ಜಾರಲಿಲ್ಲ. ಚಿತ್ರ ಸರಿಬಂದಿಲ್ಲ, ಇನ್ನೊಂದು ದಿನ ಬನ್ನಿ ಎಂದು ಬಚ್ಚಲಿನ ದಾರಿ ತೋರಿಸಿದರು. ಬಟ್ಟೆ ಹಾಕಿಕೊಳ್ಳುವಾಗ ಸಾಕಮ್ಮನಿಗೆ ಅಳು ಬಂತು.

ಹೊರಗೆ ಬಂದರೆ, ಅಂಗಿಯ ಮೇಲೆ ತಾಳಿ ಇಳಿಬಿಟ್ಟುಕೊಂಡು ಅಶ್ವತ್ಥ ಬೆವರುತ್ತಿದ್ದ. ಎದುರಿಗೆ ಲಕ್ಷ್ಮಮ್ಮ.

"ಈ ವಯಸ್ಸಲ್ಲಿ ಡೈವೋರ್ಸ್ ಯಾಕಣ್ಣ? ತಾಳಿ ಅಕ್ಕನಿಗೆ ವಾಪಸ್ ಕೊಟ್ಬಿಡಿ."

ಹೇಳಬೇಡ ಎಂದಿದ್ದಾಳಲ್ಲ ಹೆಂಡತಿ. ಪಾಪ, ಬಾಯಿಗೆ ಬಂದದ್ದನ್ನು ಅಂದ: "ಡೈವೋರ್ಸ್ ಅಲ್ಲಮ್ಮ. ನಂಗೇ ಹಾಕ್ಕೊಂಡು ನೋಡ್ಬೇಕು ಅಂತ ಬಹಳ ದಿನದ ಆಸೆ."

ಸಾಕಮ್ಮ ನಕ್ಕಳು. ಬೀದಿಗೆಲ್ಲ ಕೇಳುವ ಅದೇ ಹಳೆಯ ನಗು. ಯಂತ್ರದೊಳಗೆ ಬೇಡಿದರೂ ಜಾರದ್ದು ಇಲ್ಲಿ ಕೇಳದೆಯೇ ಕಾಲಗುಂಟ ಇಳಿಯಿತು. ಅವಳು ನಿಂತಲ್ಲೇ ಕಲ್ಲಾದಳು.

ಲಕ್ಷ್ಮಮ್ಮ ನೆಲ ನೋಡಿದಳು. ತನ್ನ ಸ್ವೆಟರ್ ಬಿಚ್ಚಿ, ಹಿಂದಿನಿಂದ ಸಾಕಮ್ಮನ ಸೊಂಟಕ್ಕೆ ಸುತ್ತಿ, ಪಳಗಿದ ಕೈಯಲ್ಲಿ ಗಂಟು ಹಾಕಿದಳು.

"ನಂಗೆ ಸೀನಿದ್ರೆ ಹಿಂಗಾಗತ್ತೆ ಸಾಕಕ್ಕ. ಬೇಸಿಗೇಲಿ ಸ್ವೆಟರ್ ಇನ್ಯಾಕೆ ಅನ್ಕೊಂಡ್ರಿ?"

ಸಾಕಮ್ಮ ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಲಕ್ಷ್ಮಮ್ಮ ಕುರ್ಚಿಯಲ್ಲಿ ಕೂತು ತನ್ನ ಕಾಲುಂಗುರವನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿದಳು.

"ಆ ಎಣ್ಣೆ ಇನ್ನೂ ಉಳಿದಿದ್ಯಾ ಸಾಕಕ್ಕ?"