ಐದು ಗಂಟೆಯ ಸರದಿ

ಬೆಳಗಿನ ಐದರ ಸರದಿಯನ್ನು ಕನ್ನಡಕದಣ್ಣ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಅವರ ಚರ್ಚಿನ ಸಭೆಯ ಬಡಗಿಯ ಬಲಗೈ ಗರಗಸಕ್ಕೆ ಸಿಕ್ಕಿತ್ತು, ಮರುದಿನ ಆಪರೇಷನ್. ಕೈ ಹೋದರೆ ಅವನ ಅನ್ನವೇ ಹೋದಂತೆ. ಅವನಿಗಾಗಿ ರಾತ್ರಿಯಿಡೀ ಒಬ್ಬರಾದ ಮೇಲೊಬ್ಬರು ಒಂದೊಂದು ಗಂಟೆ ಮನೆಯಲ್ಲೇ ಪ್ರಾರ್ಥಿಸುವುದು, ಮುಗಿದೊಡನೆ ಮುಂದಿನವರನ್ನು ಫೋನ್ ಮಾಡಿ ಎಬ್ಬಿಸುವುದು ಎಂದು ತೀರ್ಮಾನವಾಗಿತ್ತು. ಐದರ ಹತ್ತಿರ ಯಾರೂ ಸುಳಿಯಲಿಲ್ಲ.

"ನನಗೆ ಬಿಡಿ. ದಿನಾ ಆ ಹೊತ್ತಿಗೆ ನಾನು ಕರ್ತನ ಜೊತೇಲೇ ಇರ್ತೀನಿ," ಎಂದುಬಿಟ್ಟ.

ಹಲ್ಲುಜ್ಜುತ್ತಾ ಬ್ರಷ್ಷಿನ ಸಂದಿಯಲ್ಲಿ ಎರಡು ಮಾತು ಗೊಣಗುವುದೇ ಅವನ ದಿನದ ಭಕ್ತಿ ಎಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು.

ನಾಲ್ಕರ ಸರದಿ ಪಾಸ್ಟರದು. ಅವರ ಫೋನ್ ಬಂದೇ ಬರುತ್ತದಲ್ಲ ಎಂದು ಅಲಾರಾಂ ಕೂಡ ಇಡದೆ ಮಲಗಿದ.

ಫೋನ್ ಹೊಡೆದುಕೊಂಡಾಗ ಕಿಟಕಿಯಲ್ಲಿ ಬೆಳಕಿತ್ತು. ಆ ಕಡೆ ಆರರ ಸರದಿಯ ಟೀಚರಮ್ಮ.

"ಅಣ್ಣಾ, ಆರು ದಾಟಿತು, ನೀವು ಫೋನೇ ಮಾಡ್ಲಿಲ್ಲ. ಇನ್ನೂ ಪ್ರಾರ್ಥನೇಲೇ ಇದ್ರಾ?"

"ಹ್ಞಾಂ... ಹೊತ್ತು ಹೋಗಿದ್ದೇ ತಿಳೀಲಿಲ್ಲಮ್ಮ."

"ಗಂಟಲು ಕಟ್ಟಿದೆಯಲ್ಲಣ್ಣ!"

"ಅತ್ತು ಅತ್ತು..."

ಟೀಚರಮ್ಮ ಅತ್ತಲಿಂದ ಮೂಗೊರೆಸಿಕೊಂಡಳು. ಇತ್ತ ಹೆಂಡತಿ ದಿಂಬಿನಿಂದ ತಲೆಯೆತ್ತಿ, "ಗೊರಕೆ ಹೊಡೆದು ಹೊಡೆದು ಅನ್ನಿ," ಎಂದಳು.

ಅವನು ತನ್ನ ಕನ್ನಡಕದಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಸುದ್ದಿ ಬೀದಿ ಸುತ್ತಿ ಬಂದಿತ್ತು. ಪಕ್ಕದ ಟೈಲರ್ ಟೇಪನ್ನು ಕೊರಳಲ್ಲೇ ನೇತುಹಾಕಿಕೊಂಡು ಬಂದ. "ಕಣ್ಣು ನೋಡಿ, ಹೇಗೆ ಊದಿಕೊಂಡಿದೆ! ನನ್ನ ಸೊಂಟಕ್ಕೂ ಒಂದು ಮಾತು ಹೇಳಿಬಿಡಿ ಸಾರ್." ಎದುರುಮನೆಯ ಅಜ್ಜಿ, ಮೊಮ್ಮಗಳಿಗೆ ಗಂಡು ಸಿಗಲಿ ಎಂದು ಕೈ ಹಿಡಿದುಕೊಂಡಳು. ಅವಳ ಕನ್ನಡಕಕ್ಕೆ ಟೈಲರನ ಗಾಜನ್ನೂ, ಟೈಲರನದಕ್ಕೆ ಅವಳದನ್ನೂ ಕೂರಿಸಿ ಕಳಿಸಿದ ಮೇಲೆ ಅದಲುಬದಲಾದದ್ದು ಅವನಿಗೆ ಹೊಳೆಯಿತು. ಆದರೂ ಅವರನ್ನು ವಾಪಸ್ ಕರೆಯುವ ಧೈರ್ಯ ಬರಲಿಲ್ಲ. ನೋಡಿದವರೆಲ್ಲ ಕೈ ಮುಗಿಯುತ್ತಿದ್ದರು, ಅವನಿಗೆ ತಲೆ ಎತ್ತಲು ನಾಚಿಕೆ.

ಆಪರೇಷನ್ ಚೆನ್ನಾಗಿ ಆಯಿತು ಎಂಬ ಸುದ್ದಿ ಬಂತು. ಸಂಜೆ ಹೆಂಡತಿಯೊಡನೆ ಆಸ್ಪತ್ರೆಗೆ ಹೋದಾಗ ಪಾಸ್ಟರ್, ಟೀಚರಮ್ಮ ಆಗಲೇ ಮಂಚದ ಸುತ್ತ ನಿಂತಿದ್ದರು. ಬಡಗಿ ಎಡಗೈಯಲ್ಲಿ ಅವನ ಕೈ ಹಿಡಿದುಕೊಂಡ.

"ಅಣ್ಣಾ, ಬೆಳಗಿನ ಜಾವ ಭಯ ಆಗಿ ಎಚ್ಚರ ಆಯ್ತು. ನೀವು ನನಗೋಸ್ಕರ ಮೊಣಕಾಲೂರಿದ್ದೀರಿ ಅಂತ ನೆನಪಾಯ್ತು. ಪಾಪ, ನಿದ್ದೆ ಕೆಡಿಸಿಕೊಂಡಿದ್ದಾರೆ, ಅವರಿಗೊಂದು ಒಳ್ಳೆ ನಿದ್ದೆ ಕೊಡಪ್ಪಾ ಅಂತ ನಿಮಗೋಸ್ಕರ ಬೇಡಿಕೊಂಡೆ."

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಬಡಗಿಯ ಪ್ರಾರ್ಥನೆಗೆ ಉತ್ತರ ಸಿಕ್ಕಿತ್ತು, ಚೆನ್ನಾಗಿಯೇ ಸಿಕ್ಕಿತ್ತು. ಇನ್ನು ತಡೆಯಲಾರೆ, ಮರ್ಯಾದೆ ಹೋದರೆ ಹೋಗಲಿ ಎಂದುಕೊಂಡ.

"ತಮ್ಮಾ, ನಾನೊಂದು ನಿಜ ಹೇಳಬೇಕು. ಇವತ್ತು ಐದು ಗಂಟೆಗೆ..."

"ನಾನು ಹೇಳ್ತೀನಿ!" ಪಾಸ್ಟರ್ ನಡುವೆ ಬಾಯಿ ಹಾಕಿದರು. "ಐದಕ್ಕೆ ಸರಿಯಾಗಿ ಫೋನ್ ಮಾಡ್ದೆ. ಮೊದಲ ರಿಂಗಿಗೇ ಎತ್ತಿ, 'ಆಗಲೇ ಮೊಣಕಾಲೂರಿದ್ದೀನಿ ಪಾಸ್ಟರ್' ಅಂದ್ರು."

ಕನ್ನಡಕದಣ್ಣ ಕಣ್ಣುಕಣ್ಣು ಬಿಟ್ಟ. ಜೇಬಿನಿಂದ ಫೋನ್ ತೆಗೆದು ನೋಡಿದ. ಬೆಳಗಿನ ಮೊದಲ ಕರೆ ಟೀಚರಮ್ಮನದೇ. ಐದಕ್ಕೆ ಯಾರೂ ಮಾಡಿರಲಿಲ್ಲ. ಪಾಸ್ಟರ ಹಣೆಯಲ್ಲಿ ಬೆವರು, ಕಣ್ಣಲ್ಲಿ 'ಕಾಪಾಡಪ್ಪ' ಎಂಬ ಬೇಡಿಕೆ. ನಾಲ್ಕರಿಂದ ಆರರವರೆಗೆ ಬಡಗಿಗಾಗಿ ಎಚ್ಚರವಿದ್ದವನು ಬಡಗಿಯೊಬ್ಬನೇ! ಈಗ ತನ್ನ ಗುಟ್ಟು ಬಿಚ್ಚಿದರೆ ಪಾಸ್ಟರದೂ ಬೀದಿಗೆ ಬೀಳುತ್ತದೆ. ಅವನು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

"ಕೈಯ ಕಟ್ಟು ಬಿಚ್ಚೋ ತನಕ ನಾಲ್ಕರ, ಐದರ ಸರದಿ ನಿಮ್ಮಿಬ್ಬರಿಗೇ," ಎಂದಳು ಟೀಚರಮ್ಮ.

ಕನ್ನಡಕದಣ್ಣ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಸಿದ. ತಲೆ ತಾನಾಗಿಯೇ ಬಾಗಿತು. 'ತಂದೆಯೇ, ಸುಳ್ಳ ನಾನು, ಸೋಮಾರಿ ನಾನು. ಕ್ಷಮಿಸು. ಇವನ ಕೈ ಉಳಿಸು. ನಾಳೆ ನೀನೇ ನನ್ನನ್ನು ಎಬ್ಬಿಸು.' ಜೀವಮಾನದಲ್ಲಿ ಮೊದಲ ಬಾರಿ ಯಾರಿಗೂ ಕೇಳಿಸದ ಹಾಗೆ, ಸುತ್ತಲಿನದೆಲ್ಲ ಮರೆತು ಅವನು ಪ್ರಾರ್ಥಿಸಿದ. ಮುಚ್ಚಿದ ಕಣ್ಣಿನಿಂದ ನೀರಿಳಿದು ಗಡ್ಡ ಸೇರಿತು.

"ಶ್, ಮಾತಾಡಬೇಡಿ," ಟೀಚರಮ್ಮ ಪಿಸುಗುಟ್ಟಿದಳು. "ಅಣ್ಣ ಪ್ರಾರ್ಥನೆ ಮಾಡ್ತಿದ್ದಾರೆ."

ಹೆಂಡತಿ ಅವನ ಭುಜ ಹಿಡಿದು ಅಲುಗಾಡಿಸಿದಳು.

"ಇವರ ಪ್ರಾರ್ಥನೆ ನನಗೆ ಗೊತ್ತಿಲ್ವಾ? ಏಳ್ರೀ, ಮನೆಗೆ ಹೋಗಿ ಮಲಗೀರಂತೆ!"